ನಲವತ್ತೆಂಟರಿಂದ ಹದಿನೇಳಕ್ಕೆ

ಮೊದಲನೇ ಸಲ ನನ್ನ ಗರ್ಭ ಹೋಗಿದ್ದು ಮೈಸೂರು ಪಾಕು ಹಂಚಿದ್ದಕ್ಕೇ ಅಂತ ನಾನು ತುಂಬ ದಿನ ನಂಬಿಕೊಂಡಿದ್ದೆ. ನಗಬೇಡಿ. ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು, ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಆದರೂ ನಂಬಿಕೊಂಡಿದ್ದೆ. ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಕಂಡ ದಿನವೇ ನನ್ನ ಗಂಡ ತಮ್ಮ ಅಪ್ಪನಿಗೆ ಹೇಳಿದರು. ನಮ್ಮ ಮಾವ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಅವತ್ತು ಸಂಜೆಗೆ ಇಡೀ ಮಂಡಿಗೆ ಮೈಸೂರು ಪಾಕು ಹಂಚಿ ಬಂದಿದ್ದರು. ಹಮಾಲರು, ತೂಕದವರು, ಎದುರಿನ ಹೋಟೆಲಿನವರು, ಎಲ್ಲರೂ ತಿಂದರು. ಒಂಬತ್ತನೇ ವಾರಕ್ಕೆ ಎಲ್ಲ ಮುಗಿಯಿತು.

ತಿಂದವರೆಲ್ಲ ಸಮಾಧಾನ ಹೇಳೋಕೆ ಬಂದರು. ನಮ್ಮ ಕಡೆ ಎಲ್ಲರ ಬಾಯಲ್ಲೂ ತೆಂಗಿನ ಮರವೇ. "ಬಿಟ್ಟ ಹರಳೆಲ್ಲ ಕಾಯಾಗ್ತದೇನಮ್ಮ? ಉದುರೋದು ಉದುರ್ತದೆ, ನಿಲ್ಲೋದು ನಿಲ್ತದೆ. ಮರ ಗಟ್ಟಿ ಐತಲ್ಲ, ಬಿಡು." ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅವರ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸುತ್ತಿತ್ತು.

ಮಾವ ಏನೂ ಹೇಳಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ ಎಂದಿನ ಹಾಗೆ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು ಮಂಡಿಗೆ ಹೋದರು. ಅತ್ತೆ ನಾನು ಆ ಮನೆಗೆ ಬರುವ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ನಾವು ಮೂರೇ ಜನ. ಮಾವನ ಎದುರು ನಾನು ಕೂತವಳೇ ಅಲ್ಲ, ಬೇಕಾದ್ದಕ್ಕೆ ಎರಡು ಮಾತು, ಅಷ್ಟೇ. ಆದರೂ ಅವತ್ತು ಬಾಗಿಲಲ್ಲಿ ನಿಂತು "ಹೆಂಗಿದೀಯಮ್ಮ?" ಅಂತ ಒಂದು ಮಾತು ಕೇಳಬಹುದಿತ್ತಲ್ಲ. ಕೇಳಲಿಲ್ಲ. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ನನಗೆ ಅಂಥವನ್ನು ಇಟ್ಟುಕೊಳ್ಳೋದು ಚೆನ್ನಾಗಿ ಬರುತ್ತೆ.

ವರ್ಷದ ಮೇಲೆ ಮತ್ತೆ ಎರಡು ಗೆರೆ ಕಂಡಾಗ ಗಂಡನ ಕೈ ಹಿಡಿದು ಆಣೆ ಹಾಕಿಸಿಕೊಂಡೆ. "ರೀ, ಈ ಸಲ ಮೂರು ತಿಂಗಳು ತುಂಬೋ ತನಕ ಯಾರಿಗೂ ಹೇಳಕೂಡದು. ನಿಮ್ಮಪ್ಪನಿಗಂತೂ ಹೇಳಲೇಬೇಡಿ." ಇವರು ಗೂಡ್ಸ್ ರೈಲಿನ ಗಾರ್ಡ್. ಒಂದು ಸಲ ಡ್ಯೂಟಿಗೆ ಹೋದರೆ ಎರಡು ದಿನ ಮನೆ ಕಡೆ ಮುಖವಿಲ್ಲ. "ನಾನು ಯಾರಿಗೆ ಹೇಳ್ಲಿ, ವ್ಯಾಗನ್ನಿಗಾ?" ಅಂದರು.

ಅರಸೀಕೆರೆಯಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಈ ಸಲ ರಕ್ತ ಪರೀಕ್ಷೆ ಬರೆದುಕೊಟ್ಟರು. ಪ್ರೊಜೆಸ್ಟರಾನ್ ಅಂತ ಒಂದು ಹಾರ್ಮೋನು, ಗರ್ಭ ನಿಲ್ಲೋಕೆ ಅದು ಬೇಕಂತೆ. ಹಾಸನದ ಲ್ಯಾಬಿಗೆ ರಕ್ತ ಹೋಯಿತು, ಚೀಟಿ ಬಂತು. ನಲವತ್ತೆಂಟು.

"ಇದು ಒಳ್ಳೇದಾ ಮೇಡಂ?"

"ಕೆಟ್ಟದ್ದೇನಲ್ಲ."

"ಹಂಗಾದ್ರೆ ಒಳ್ಳೇದು."

"ಹಂಗೂ ಹೇಳಕ್ಕಾಗಲ್ಲ. ಮಾತ್ರೆ ಕೊಡ್ತೀನಿ. ಹತ್ತು ದಿನ ಬಿಟ್ಟು ಇನ್ನೊಂದ್ಸಲ ನೋಡೋಣ. ಬೀಳದಿದ್ರೆ ಸಾಕು."

ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಬೀಳದಿದ್ದರೆ ಸಾಕು. ಇದನ್ನು ಹಿಡಿದುಕೊಂಡು ಹತ್ತು ದಿನ ಬದುಕಬೇಕಿತ್ತು. ಮಾತ್ರೆಯನ್ನು ಹುರಿಗಡಲೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಮಾತ್ರೆ ನುಂಗಿದರೆ ತಲೆ ಸುತ್ತುತ್ತಿತ್ತು, ಎದೆ ನೋಯುತ್ತಿತ್ತು. ಬಸುರಿಗೂ ಹಾಗೇ ಆಗುತ್ತಂತೆ. ಈಗ ಆಗುತ್ತಿರುವುದು ಮಾತ್ರೆಯಿಂದಲೋ, ಮಗುವಿನಿಂದಲೋ? ವಾಂತಿ ಬಂದ ಬೆಳಿಗ್ಗೆ ಖುಷಿ, ಬಾರದ ಬೆಳಿಗ್ಗೆ ಎದೆ ಧಸಕ್. ಗಂಟೆಗೊಂದು ಸಲ ಬಚ್ಚಲಿಗೆ ಹೋಗಿ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಸ್ಕೂಲಿನಲ್ಲಿ ಒಂದು ದಿನ ಬೋರ್ಡಿನ ಮೇಲೆ ಅರ್ಧ ಲೆಕ್ಕ ಬಿಟ್ಟು ಓಡಿದೆ. ಹಾರನಹಳ್ಳಿ ಟೆಂಪೋದ ಡ್ರೈವರ್ ಒಬ್ಬನೇ ಏನೋ ಊಹಿಸಿದ್ದ. ಒಂದು ವಾರದಿಂದ ನನಗೆ ಹಿಂದಿನ ಸೀಟು ಕೊಡದೆ, "ಮೇಡಂ, ಮುಂದೆ ಬನ್ನಿ, ಹಿಂದೆ ಕುಲುಕುತ್ತೆ" ಅನ್ನುತ್ತಿದ್ದ. ಅವನಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ.

ಹತ್ತನೇ ದಿನ ದಸರಾ ರಜೆಯಲ್ಲಿ ಬಂತು. ನಾನು ತವರಿಗೆ ಹೋಗಿದ್ದೆ. ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ರಕ್ತ ಎಲ್ಲಿ ಕೊಟ್ಟರೂ ರಕ್ತವೇ ಅಲ್ಲವಾ ಅಂದುಕೊಂಡು ಬೇಲೂರಿಗೆ ಹೋಗಿ ಒಂದು ಲ್ಯಾಬಿನಲ್ಲಿ ಕೊಟ್ಟು ಬಂದೆ. ಅವರು ಅದನ್ನು ಬೆಂಗಳೂರಿಗೆ ಕಳಿಸುವವರು. ಅಮ್ಮನಿಗೆ ಹೇಳಬಾರದು ಅಂತಿದ್ದೆ. ಆದರೆ ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಂಡಿದ್ದನ್ನು ಅವಳು ನೋಡಿಬಿಟ್ಟಳು. "ಎಷ್ಟು ದಿನ ಆಯ್ತೇ?" ಅಂತ ಒಂದೇ ಮಾತು ಕೇಳಿದಳು. ಎಲ್ಲ ಹೇಳಿಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಬೇಲೂರಿನಲ್ಲಿ ಚೀಟಿ ಕೈಗೆ ಬಂತು. ಹದಿನೇಳು.

ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಲವತ್ತೆಂಟು ಇದ್ದದ್ದು ಹದಿನೇಳಾಗಿತ್ತು. ಬೀಳದಿದ್ದರೆ ಸಾಕು ಅಂದಿದ್ದರಲ್ಲ ಡಾಕ್ಟರಮ್ಮ, ಬಿದ್ದಿತ್ತು. ಎದುರಿಗಿದ್ದ ಎಸ್‌ಟಿಡಿ ಬೂತಿನಿಂದ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ಊರಲ್ಲಿಲ್ಲ, ಸೋಮವಾರ ಬೆಳಿಗ್ಗೆ ಬರುತ್ತಾರೆ. ಫೋನ್ ತೆಗೆದ ಸಿಸ್ಟರ್ ನನ್ನ ಕಾರ್ಡು ಹುಡುಕಿ ನೋಡಿ, "ಮೊದ್ಲು ನಲವತ್ತೆಂಟು... ಈಗ ಹದಿನೇಳಾ?" ಅಂದರು. ಆಮೇಲೆ ಕಾರ್ಡು ಮಗುಚುವ ಸದ್ದಷ್ಟೇ ಕೇಳಿಸಿತು.

"ಸಿಸ್ಟರ್?"

"ಮಾತ್ರೆ ಬಿಡಬೇಡಿ. ರೆಸ್ಟ್ ತಗೊಳ್ಳಿ. ಏನಾದ್ರೂ ಕಾಣಿಸಿಕೊಂಡ್ರೆ ಮಾತ್ರ ಸೀದಾ ಹಾಸನಕ್ಕೆ ಹೋಗಿಬಿಡಿ. ಗಾಬರಿ ಆಗಬೇಡಿ, ಆಯ್ತಾ?"

ಗಾಬರಿ ಆಗಬೇಡಿ ಅಂದಮೇಲೆ ಆಗದೆ ಇರೋಕಾಗುತ್ತಾ? ಮನೆಗೆ ಬಂದು ಚಾಪೆ ಹಾಸಿ ಮಲಗಿದೆ. ಮಲಗಿದರೆ ಅಳು, ಎದ್ದರೆ ಭಯ. ಅಮ್ಮ ಅರ್ಧ ಗಂಟೆ "ಅಲ್ಲಾಡಬೇಡ ಕಣೇ" ಅಂದಳು. ಆಮೇಲೆ "ಒಂದೇ ಕಡೆ ಬಿದ್ಕೊಂಡ್ರೆ ರಕ್ತ ಓಡಾಡಲ್ಲ, ನಾಲ್ಕು ಹೆಜ್ಜೆ ಹಾಕು" ಅಂದಳು. ಗಂಜಿ ಕೊಟ್ಟಳು, ಗಂಜಿ ತಂಪು ಅಂತ ವಾಪಸ್ ತೆಗೆದುಕೊಂಡು ಹೋದಳು. ಹಿತ್ತಲಲ್ಲಿದ್ದ ಪರಂಗಿ ಹಣ್ಣನ್ನು ಪಕ್ಕದ ಮನೆಗೆ ಸಾಗಿಸಿಬಿಟ್ಟಳು, ನಾನೇನೋ ಕದ್ದು ತಿನ್ನುವವಳ ಹಾಗೆ. ನನಗೆ ಅವಳ ಮೇಲೆ ರೇಗುತ್ತಿತ್ತು. ಅವಳು ಪಕ್ಕದಿಂದ ಎದ್ದು ಹೋದರೆ ಇನ್ನೂ ರೇಗುತ್ತಿತ್ತು.

ಶನಿವಾರ ಇವರು ಯಾವುದೋ ಸ್ಟೇಷನ್ನಿನಿಂದ ಎದುರು ಮನೆಗೆ ಫೋನ್ ಮಾಡಿದರು.

"ಹದಿನೇಳು ಅಂದ್ರೆ ಏನರ್ಥ?" ಅಂದರು.

"ನನಗೇನ್ರೀ ಗೊತ್ತು?"

"ಮಗು ಇದೆಯೋ ಇಲ್ವೋ?"

"ನನಗೇನ್ರೀ ಗೊತ್ತು? ನನ್ನ ಹೊಟ್ಟೆಗೇನು ಕಿಟಕಿ ಐತಾ?" ಅಂತ ಕಿರುಚಿದೆ. ಆ ಮನೆಯವರು ಪಾಪ, ಟಿ.ವಿ. ಸದ್ದು ಜೋರು ಮಾಡಿದರು.

ಫೋನಿಟ್ಟು ಸುಮ್ಮನೆ ನಡೆದೆ. ನಾಲ್ಕು ಹೆಜ್ಜೆ ಹಾಕಿದರೆ ಬಸದಿ. ಚಿಕ್ಕವರಿದ್ದಾಗ ನಾವು ಅಲ್ಲಿನ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ನಗುತ್ತಿದ್ದೆವು. ಆ ಕಂಬಗಳು ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಿಲ್ಲ. ಅವತ್ತೂ ನಿಂತೆ. ಸೆರಗು ಸರಿಸಿ ಹೊಟ್ಟೆ ನೋಡಿಕೊಂಡೆ. ಒಂದು ಕಂಬದ ಮುಂದೆ ಕಡ್ಡಿಯ ಹಾಗೆ ಕಂಡೆ, ಒಂದು ಹೆಜ್ಜೆ ಸರಿದರೆ ಏಳು ತಿಂಗಳ ಬಸುರಿಯ ಹಾಗೆ ಉಬ್ಬಿದೆ. ಹಿಂದಕ್ಕೂ ಮುಂದಕ್ಕೂ ಎಷ್ಟು ಸಲ ಸರಿದೆನೋ. ಯಾರೋ ಪ್ರವಾಸಿಗಳು ಒಳಗೆ ಬಂದರು, ಸೆರಗು ಎಳೆದುಕೊಂಡು ಮನೆಗೆ ಬಂದೆ.

ಭಾನುವಾರ ಆಯುಧಪೂಜೆ. ಮಧ್ಯಾಹ್ನ ಅಮ್ಮ ಒನಕೆಗೂ ಈಳಿಗೆಮಣೆಗೂ ಕುಂಕುಮ ಇಡುತ್ತಿದ್ದಳು. ಯಾರೋ ಜಗಲಿಯ ಹತ್ತಿರ ಕೆಮ್ಮಿದ ಹಾಗಾಯಿತು. ನೋಡಿದರೆ ಮಾವ! ಕೋಟು, ಟೋಪಿ, ಕಂಕುಳಲ್ಲಿ ಚೀಲ. ಆಯುಧಪೂಜೆಯ ದಿನ ಮಂಡಿಯಲ್ಲಿ ತಕ್ಕಡಿ ಪೂಜೆ, ಊಟ, ಎಲ್ಲ ಇರುತ್ತೆ. ಆ ದಿನ ಅವರು ಊರು ಬಿಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ಪೂಜೆ ಒಂದು ಮಾಡಿ, ಊಟ ಬಿಟ್ಟು ಬಸ್ಸು ಹತ್ತಿದ್ದರು. ಬೆರಳಲ್ಲಿ ಕುಂಕುಮ ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. ಗಂಡ ಆಣೆ ಮುರಿದು ಹೇಳಿಬಿಟ್ಟಿದ್ದಾರೆ! ಒಳಗಿನ ಕೋಣೆಯ ಬಾಗಿಲ ಹಿಂದೆ ನಿಂತುಕೊಂಡೆ. ಮಾವ ಕಾಫಿ ಕುಡಿದರು. ಮಳೆ, ರಸ್ತೆ, ಬಸ್ಸು ಎಲ್ಲ ಮಾತಾಡಿದರು. ಆಮೇಲೆ ಅಮ್ಮನಿಗೆ ಮೆಲ್ಲಗೆ ಹೇಳಿದರು: "ಬೀಗಿತ್ತಿ, ಆ ಚೀಟಿ ಎರಡೂ ಒಸಿ ಈಸ್ಕೊಂಡ್ ಬರ್ತೀರಾ?"

ಅಮ್ಮ ಒಳಗೆ ಬಂದಳು. "ಕೊಡಲ್ಲ" ಅಂದೆ. "ಕೊಡೇ, ದೊಡ್ಡೋರು ಕೇಳ್ತಾವ್ರೆ." "ಅವರಿಗೆ ಇಂಗ್ಲಿಷ್ ಬರಲ್ಲಮ್ಮ, ಏನು ನೋಡ್ತಾರೆ?" ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು ಹೋದಳು.

ಬಾಗಿಲ ಸಂದಿಯಿಂದ ನೋಡಿದೆ. ಮಾವ ಕನ್ನಡಕ ಹಾಕಿಕೊಂಡು ಚೀಟಿಗಳನ್ನು ತೊಡೆಯ ಮೇಲೆ ಒಂದರ ಪಕ್ಕ ಒಂದು ಇಟ್ಟುಕೊಂಡರು. ಬೆರಳಿಟ್ಟು ಈ ಕಡೆ ನೋಡಿದರು, ಆ ಕಡೆ ನೋಡಿದರು. ಎಷ್ಟೋ ಹೊತ್ತು. ಆಮೇಲೆ ತಲೆ ಎತ್ತದೆ ಅಮ್ಮನಿಗೆ ಹೇಳಿದರು: "ಎರಡೂ ಒಂದೇ ಅಳತೆಯಾ, ಕೇಳಿ."

"ಎರಡೂ ಒಂದೇ ಅಳತೆಯೇನೇ?" ಅಂತ ಅಮ್ಮ ನನ್ನ ಕಡೆ ತಿರುಗಿ ಕೂಗಿದಳು.

"ಅಂದ್ರೆ?" ಅಂದೆ ಒಳಗಿನಿಂದ.

"ಅಂದ್ರೆ ಅಂತೆ, ಬೀಗ್ರೇ."

ಮಾವನಿಗೆ ಈ ಬೀಗಿತ್ತಿಯ ಟಪಾಲು ಸಾಕಾಯಿತು ಅಂತ ಕಾಣುತ್ತೆ. ನೇರವಾಗಿ ಬಾಗಿಲ ಕಡೆಗೇ ಹೇಳಿದರು. "ನಂಗೆ ಇಂಗ್ಲಿಷ್ ಬರಲ್ಲ ಕಣಮ್ಮ. ಆದ್ರೆ ನಲವತ್ತೆಂಟರ ಮುಂದೆ ಬರ್ದಿರೋ ಅಕ್ಷರ ಬೇರೆ, ಹದಿನೇಳರ ಮುಂದೆ ಬರ್ದಿರೋ ಅಕ್ಷರ ಬೇರೆ. ಕಣ್ಣಿಗೆ ಕಾಣ್ತೈತೆ. ಮಂಡಿಗೆ ಯಾವನಾದ್ರೂ ಬಂದು ನಲವತ್ತೆಂಟೈತೆ ಅಂದ್ರೆ, ಏನ್ ನಲವತ್ತೆಂಟ್ಲಾ, ಚೀಲನೋ ಮಣನೋ ಕ್ವಿಂಟಾಲೋ ಅಂತ ಮೊದ್ಲು ಕೇಳ್ತೀವಿ. ಆಮೇಲೆ ತಾನೆ ಹೆಚ್ಚು ಕಮ್ಮಿ ಮಾತು?"

ನಾನು ಹೊರಗೆ ಬಂದುಬಿಟ್ಟೆ. ಸೆರಗು ಗಿರಗು ಏನೂ ನೋಡಲಿಲ್ಲ. ಚೀಟಿಗಳನ್ನು ಕಿತ್ತುಕೊಂಡು ನೋಡಿದೆ. ಹೌದು, ಬೇರೆ ಬೇರೆ. ಹಾಸನದವರದ್ದು ಒಂದು ಏಕಮಾನ, ಬೆಂಗಳೂರಿನವರದ್ದು ಇನ್ನೊಂದು. ಉತ್ತರ ಸರಿ ಬರೆದು ಏಕಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಡಿಯುವವಳು ನಾನು. "ಹದಿನೇಳು ಏನು? ಹದಿನೇಳು ಕುರಿನಾ?" ಅಂತ ಕ್ಲಾಸಿನಲ್ಲಿ ಕಿರುಚುವವಳು. ಎರಡು ದಿನ ಆ ಎರಡು ಚೀಟಿಯನ್ನು ಬೆವರಿಗೆ ನೆನೆಯೋ ತನಕ ಹಿಡಿದುಕೊಂಡಿದ್ದೆ, ಸಂಖ್ಯೆ ಬಿಟ್ಟು ಇನ್ನೇನೂ ಕಂಡಿರಲಿಲ್ಲ. ಫೋನಿನಲ್ಲೂ ಸಂಖ್ಯೆಯನ್ನಷ್ಟೇ ಹೇಳಿದ್ದೆ.

ಹಾಗಂತ ಖುಷಿಪಡುವ ಹಾಗೂ ಇರಲಿಲ್ಲ. ಯಾವುದು ಚೀಲ, ಯಾವುದು ಮಣ? ಎರಡರ ನಡುವಿನ ಲೆಕ್ಕ ನನಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ಎಷ್ಟಿದ್ದರೆ ಸರಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಒಂದರಲ್ಲಿ ಗರ್ಭಿಣಿಯರಿಗೆ ಅಂತ ಬೇರೆ ಸಾಲಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಹದಿನೇಳು ಇನ್ನೂ ಕಮ್ಮಿಯೇ ಆಗಿರಬಹುದು, ಹೆಚ್ಚೂ ಆಗಿರಬಹುದು. ಮೊದಲು ಬಿದ್ದಿದೆ ಅಂತಾದರೂ ಗೊತ್ತಿತ್ತು. ಈಗ ಅದೂ ಗೊತ್ತಿಲ್ಲ. "ಏನಂತೆ?" ಅಂದಳು ಅಮ್ಮ. "ಗೊತ್ತಿಲ್ಲ" ಅಂತ ನಗೋಕೆ ಹೋಗಿ ಅತ್ತುಬಿಟ್ಟೆ. ಮಾವ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದು, ಮನೆಯ ಹೆಂಚು ಎಣಿಸುವವರ ಹಾಗೆ ಮೇಲೆ ನೋಡುತ್ತಾ ನಿಂತರು.

ಸೋಮವಾರ ಮೊದಲನೇ ಬಸ್ಸಿಗೆ ಅವರೇ ಕರೆದುಕೊಂಡು ಹೊರಟರು. ನನ್ನನ್ನು ಮುಂದೆ ಕೂರಿಸಿ, ತಾವು ಡ್ರೈವರನ ಹತ್ತಿರ ಹೋಗಿ, ನನ್ನ ಬಟ್ಟೆಯ ಚೀಲ ಎತ್ತಿ ತೋರಿಸಿದರು. "ಗಾಜಿನ ಸಾಮಾನೈತೆ ಕಣಪ್ಪ. ಗುಂಡಿ ನೋಡ್ಕೊಂಡು ನಿಧಾನಕ್ಕೆ ಹೋಗು." ಜಾವಗಲ್ ದಾಟುವವರೆಗೂ ಆ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಒಳಗಿದ್ದದ್ದು ಎರಡು ಸೀರೆ, ಒಂದು ಟವಲ್.

ಕ್ಲಿನಿಕ್ಕಿನಲ್ಲಿ ವಿಜಯದಶಮಿಯ ಬೆಳಿಗ್ಗೆ ಜನ ಕಮ್ಮಿ. ಹಸಿರು ಬೆಂಚಿನ ತುದಿಯಲ್ಲಿ ಕೂತೆ. ಹೋದ ವರ್ಷ ನಾನು ಕೂತಿದ್ದದ್ದೂ ಅದೇ ಬೆಂಚು. ಡಾಕ್ಟರಮ್ಮ ಎರಡೂ ಚೀಟಿ ನೋಡಿ, ಪೆನ್ನು ತೆಗೆದು ಕಾರ್ಡಿನ ಮೂಲೆಯಲ್ಲಿ ಗುಣಾಕಾರ ಮಾಡಿದರು.

"ಬೀಳ್ಲಿಲ್ಲ ಕಣ್ರೀ ಇದು. ಬೇರೆ ಅಳತೆ. ಹಾಸನದ ಲೆಕ್ಕಕ್ಕೆ ತಂದ್ರೆ ಐವತ್ನಾಲ್ಕು ಆಗುತ್ತೆ. ಒಂಚೂರು ಹೆಚ್ಚೇ ಇದೆ."

"ಹಂಗಾದ್ರೆ ಮಗು..."

"ನೋಡಮ್ಮ, ಬಿದ್ದಿದೆ ಅಂತ ನೀನು ಅತ್ತಿದ್ದೂ ದಂಡ, ಏರಿದೆ ಅಂತ ಈಗ ಕುಣಿದ್ರೂ ದಂಡ. ಈ ನಂಬರ್ ನೋಡಿ ಮಗು ಉಳಿಯುತ್ತೆ ಅಂತ ಬರ್ಕೊಡೋಕೆ ನನಗೂ ಬರಲ್ಲ. ಏಳ್ ವಾರ ಆಯ್ತಲ್ಲ, ಮಲ್ಕೋ ಬಾ, ನೋಡೇಬಿಡೋಣ."

ಸ್ಕ್ಯಾನಿಂಗ್ ಕೋಣೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಹೋದ ಸಲ ಇದೇ ಕೋಣೆಯಲ್ಲಿ ಅವರು ತುಂಬ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿರುವಿಕೆಯಲ್ಲೇ ನನಗೆ ಗೊತ್ತಾಗಿತ್ತು. ಈ ಸಲವೂ ಸುಮ್ಮನಿದ್ದರು. ನಾನು ಮಗ್ಗಿ ಹೇಳಿಕೊಂಡೆ, ಹದಿನೇಳರ ಮಗ್ಗಿ, ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಹದಿನೇಳಾರ್ಲಿ ನೂರಾ ಎರಡು ಅನ್ನುವ ಹೊತ್ತಿಗೆ ಅವರು ಟಿ.ವಿ.ಯನ್ನು ನನ್ನ ಕಡೆ ತಿರುಗಿಸಿದರು. "ಕಣ್ ಬಿಡು ಮಾರಾಯ್ತಿ. ಮಿಣಮಿಣ ಅಂತಿದೆ ನೋಡು, ಅದೇ ಎದೆ."

ಕಾಳಿನಷ್ಟಿತ್ತು. ಮಿಣುಕುತ್ತಿತ್ತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವರು ಒಂದು ಚೀಟಿಯಲ್ಲಿ ಏನೋ ಬರೆದು ಕೈಗೆ ಕೊಟ್ಟರು.

ಹೊರಗೆ ಮಾವ ಬೆಂಚಿದ್ದರೂ ಕೂರದೆ, ನಾನು ಬಿಟ್ಟ ಚಪ್ಪಲಿಯ ಪಕ್ಕ ಚೀಲ ಹಿಡಿದುಕೊಂಡು ನಿಂತಿದ್ದರು. ಏನಾಯಿತು ಅಂತ ಕೇಳಲಿಲ್ಲ. ನನ್ನ ಕಣ್ಣು ಕೆಂಪಾಗಿದ್ದು ನೋಡಿ ಅವರ ಮುಖ ಇಳಿದಿದ್ದು ನನಗೆ ಕಂಡಿತು. ಹೇಗೆ ಹೇಳಲಿ? ಬಸುರಿನ ಮಾತನ್ನು ಮಾವನ ಹತ್ತಿರ ಆಡಿ ನನಗೇನು ಅಭ್ಯಾಸವೇ? ಚೀಟಿ ಚಾಚಿದೆ.

ಕನ್ನಡಕ ಹಾಕಿಕೊಂಡರು. "ನೂರ ನಲವತ್ತೆರಡು," ಅಂದರು.

"ಹೂಂ ಮಾವ."

"ಯಾವ ಅಳತೆನಮ್ಮ ಇದು?"

"ನಿಮಿಷಕ್ಕೆ ಮಾವ. ಒಂದು ನಿಮಿಷಕ್ಕೆ ಅಷ್ಟು ಸಲ ಎದೆ ಹೊಡ್ಕೊಳ್ತಾ ಐತಂತೆ."

ಅವರು ಮೆಲ್ಲಗೆ ಬೆಂಚಿನ ಮೇಲೆ ಕೂತರು. ಕೋಟಿನ ತೋಳು ಮೇಲೆ ಸರಿಸಿ ಕೈಗಡಿಯಾರ ಮುಖದ ಹತ್ತಿರ ತಂದುಕೊಂಡು, ಇನ್ನೊಂದು ಕೈಯ ನಾಡಿ ಹಿಡಿದರು. ತುಟಿ ಅಲ್ಲಾಡುತ್ತಿತ್ತು. ಎದುರಿಗೆ ಕೂತಿದ್ದ ಹೆಂಗಸು "ಯಜಮಾನ್ರಿಗೆ ಹುಷಾರಿಲ್ವೇನಮ್ಮ?" ಅಂದಳು. ನಾನು ಸುಮ್ಮನಿರು ಅಂತ ಸನ್ನೆ ಮಾಡಿದೆ. ಎಣಿಕೆ ತಪ್ಪೀತು ಅಂತ.

"ನಂದು ಅರವತ್ತೆಂಟು," ಅಂದರು. "ಇದು ಎರಡರಷ್ಟಕ್ಕೂ ಜಾಸ್ತಿ ಐತಲ್ಲಮ್ಮ!"

"ಅದು ಹಂಗೇ ಇರಬೇಕಂತೆ ಮಾವ."

"ಹಂಗೇ ಇರ್ಬೇಕಾ?"

"ಹೂಂ."

"ಸರಿ, ಹಂಗಾದ್ರೆ." ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರು. ನನ್ನ ಕಡೆ ನೋಡದೆ, ಆ ಮಡಿಕೆಗೇ ಹೇಳುವವರ ಹಾಗೆ ಹೇಳಿದರು. "ಹೋದ್ಸಲ ನಂಗ್ಯಾರೂ ಏನೂ ತೋರಿಸ್ನೇ ಇಲ್ಲ ಕಣಮ್ಮ. ಐತೆ ಅಂದ್ರಿ. ಆಮೇಲೆ ಇಲ್ಲ ಅಂದ್ರಿ. ಅಷ್ಟೇಯ."

ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲನೇ ಸಲ ನಾನು ಮಾವನ ಪಕ್ಕ ಅದೇ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಇನ್ನೊಂದು ಸಲ ನಾಡಿ ಹಿಡಿದು ಎಣಿಸಿದರು.

ಅದಾದ ಮೇಲೂ ಭಯ ಹೋಗಲಿಲ್ಲ. ಹೋಗುತ್ತೆ ಅಂತ ನಿಮಗೆ ಸುಳ್ಳು ಹೇಳೋದಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡಿಕೊಳ್ಳೋದು ಒಂಬತ್ತನೇ ತಿಂಗಳವರೆಗೂ ನಡೆಯಿತು. ಆದರೆ ಹುರಿಗಡಲೆ ಡಬ್ಬಿಯಿಂದ ಮಾತ್ರೆ ಹೊರಗೆ ಬಂತು. ಬೆಳಿಗ್ಗೆ ಮಂಡಿಗೆ ಹೊರಡುವಾಗ ಮಾವ "ಮಾತ್ರೆ ಆಯ್ತಾ?" ಅಂತ ಕೇಳುತ್ತಿದ್ದರು. ಮೈಸೂರು ಪಾಕು ಮಾತ್ರ ಮಗು ಹುಟ್ಟುವ ತನಕ ಬರಲಿಲ್ಲ. ಜೂನಿನಲ್ಲಿ ಸ್ಕೂಲು ಶುರುವಾಗುವ ವಾರ ಮಗಳು ಹುಟ್ಟಿದಳು.

ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಮೇಡಂ ಒಬ್ಬಳು ಇಂಥದೇ ಚೀಟಿಯನ್ನು ಪುಸ್ತಕದೊಳಗೆ ಬಚ್ಚಿಡುತ್ತಿದ್ದಳು. ಅದಕ್ಕೇ ಇದೆಲ್ಲ ನೆನಪಾಯಿತು, ನನ್ನ ಹಳೇ ಫೈಲು ತೆಗೆದೆ. ನಲವತ್ತೆಂಟರ ಚೀಟಿ ಇದೆ, ಹದಿನೇಳರದ್ದೂ ಇದೆ. ನೂರ ನಲವತ್ತೆರಡರದ್ದು ಇಲ್ಲ. ಅದು ಮಾವನ ಕೋಟಿನ ಒಳಜೇಬಿನಲ್ಲಿತ್ತು, ಅವರಿರುವ ತನಕ. ಅವರೂ ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.